ಅಪ್ಪ ತಂದ ಟ್ಯೂಬು

ಆ ಎರಡು ಬೀದಿಗಳಲ್ಲಿ ಅವನನ್ನು ಎಲ್ಲರೂ ಅರ್ಧ ಡಾಕ್ಟ್ರು ಎಂದೇ ಕರೆಯುತ್ತಿದ್ದರು. ಮೂಲೆಯ ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತೂ ನಿಂತೂ ಅವನ ಕೂದಲು ನೆರೆತಿತ್ತು. ಓದಿದ್ದು ಕಡಿಮೆ. ಅಂಗಡಿಗೆ ಬೇಕಾದ ಸರ್ಟಿಫಿಕೇಟು ಮಾಲೀಕರ ಹೆಸರಿನಲ್ಲಿ ಗೋಡೆಗೆ ತೂಗುತ್ತಿತ್ತು. ಮಾಲೀಕರು ಸಂಜೆ ಬಂದು ಗಲ್ಲಾ ನೋಡಿಕೊಂಡು ಹೋಗುತ್ತಿದ್ದರು. ಡಾಕ್ಟರುಗಳು ಗೀಚಿದ್ದು ಗೀಚಿದವರಿಗೇ ಓದಲಾಗದಿದ್ದರೂ ಇವನು ಓದುತ್ತಿದ್ದ. ಕೆಮ್ಮು ಎಂದು ಬಂದವರಿಗೆ ಒಣಕೆಮ್ಮೋ ಕಫವೋ ಎಂದು ಕೇಳಿ ಬಾಟಲಿ ಕೈಗಿಡುತ್ತಿದ್ದ. "ನಿಮ್ಮ ಕೈಗುಣ ಚೆನ್ನಾಗಿದೆ ಕಣ್ರೀ," ಎಂದು ಯಾರಾದರೂ ಅಂದರೆ, "ಕೈಗುಣ ಅಲ್ಲ, ಔಷಧಿ ಗುಣ," ಅನ್ನುತ್ತಿದ್ದ. ಆದರೆ ಆ ದಿನ ಮನೆಗೆ ಹೋಗುವಾಗ ಎದೆ ಸ್ವಲ್ಪ ಮುಂದೆ ಬಂದಿರುತ್ತಿತ್ತು.

ಮನೆಯಲ್ಲಿ ನಾಲ್ಕು ಜನ. ಹೆಂಡತಿ ಕಿಟಕಿಯ ಕೆಳಗೆ ಹೊಲಿಗೆ ಯಂತ್ರ ಇಟ್ಟುಕೊಂಡು ಒಂದು ಅಂಗಡಿಗೆ ಪರದೆ, ದಿಂಬಿನ ಚೀಲ ಹೊಲಿದುಕೊಡುತ್ತಿದ್ದಳು. ತಾಯಿಗೆ ಮಂಡಿನೋವು, ಆದರೂ ತರಕಾರಿ ಹೆಚ್ಚುವುದು, ಹಾಲು ಕಾಯಿಸುವುದು ತನ್ನದೇ ಎಂದು ಹಟ ಹಿಡಿದಿದ್ದಳು. ಇನ್ನು ಮಗಳು, ಒಬ್ಬಳೇ. ಓದು ಮುಗಿಸಿ ಕನ್ನಡಕದ ಅಂಗಡಿಯೊಂದಕ್ಕೆ ಸೇರಿಕೊಂಡಿದ್ದಳು. ಬಂದವರ ಮುಖ ನೋಡಿ ಫ್ರೇಮು ಆರಿಸಿಕೊಡುವುದು, ಮೂಗಿನ ಮೇಲೆ ಕೂರಿಸಿ ಕಿವಿಯ ಹಿಂದೆ ಕಡ್ಡಿ ಸರಿಮಾಡುವುದು ಅವಳ ಕೆಲಸ. ಆ ಅಂಗಡಿಯಲ್ಲಿ ಎತ್ತ ತಿರುಗಿದರೂ ಕನ್ನಡಿ.

ಅವಳ ಚರ್ಮ ಹುಟ್ಟಿನಿಂದಲೂ ಸೂಕ್ಷ್ಮ. ಹೊಸ ಸೋಪು ತಾಗಿದರೆ ಕೆಂಪು, ಉಣ್ಣೆ ತಾಗಿದರೆ ಕೆಂಪು, ಹೊಟ್ಟೆ ತುಂಬ ನಕ್ಕರೂ ಕೆಂಪು. "ಇವಳಿಗೆ ಚರ್ಮ ಹೊದಿಸೋದು ಮರೆತು ಬರೀ ಪೊರೆ ಹೊದಿಸಿ ಕಳಿಸಿಬಿಟ್ಟಿದ್ದಾನೆ ದೇವರು," ಎಂದು ಅಜ್ಜಿ ತಮಾಷೆ ಮಾಡುತ್ತಿದ್ದಳು. ಆ ವರ್ಷ ಚಳಿಯ ಜೊತೆ ಒಣಗಾಳಿಯೂ ಬೀಸಿತು. ಹುಡುಗಿಯ ಕೆನ್ನೆಯ ಮೇಲೆ ಒಣಗಿದ ಪಟ್ಟೆಗಳೆದ್ದವು. ತುರಿಸಿದರೆ ಹೊಟ್ಟು ಉದುರುತ್ತಿತ್ತು, ಬಾಯಿ ಅಗಲಿಸಿದರೆ ಬಿರಿಯುತ್ತಿತ್ತು.

"ಅಪ್ಪ, ಗಿರಾಕಿಗಳ ಮುಖಕ್ಕೆ ಮುಖ ಕೊಟ್ಟು ಕೂತಿರ್ತೀನಿ. ಅವರು ಕನ್ನಡಿ ನೋಡೋದು ಬಿಟ್ಟು ನನ್ನ ಕೆನ್ನೆ ನೋಡ್ತಾರೆ. ಏನಾದ್ರೂ ತಂದ್ಕೊಡು," ಎಂದು ಅವಳು ಊಟಕ್ಕೆ ಕುಳಿತಾಗ ಕೇಳಿದಳು.

"ಅದೇನು ಮಹಾ. ನಾಳೆ ತರ್ತೀನಿ. ಮೂರು ದಿನ ಸಾಕು."

ಅಂಗಡಿಯಲ್ಲಿ ಅದಕ್ಕೆ ಎರಡು ದಾರಿಗಳಿದ್ದವು. ತಳದ ಕಪಾಟಿನಲ್ಲಿ ಓಟ್ಸ್ ಸೇರಿಸಿ ಮಾಡಿದ ಲೋಷನ್ನಿನ ಬಾಟಲಿಗಳಿದ್ದವು. ಕಂಪನಿಯವನು ಬಲವಂತವಾಗಿ ಇಟ್ಟುಹೋದ ಮಾಲು. ಬಣ್ಣವಿಲ್ಲ, ಪರಿಮಳವಿಲ್ಲ, ಮುಚ್ಚಳದ ಮೇಲೆ ಧೂಳು. ಮೇಲೆ, ಕೈಗೆ ಸಿಗುವಲ್ಲೇ, ಸಣ್ಣ ಟ್ಯೂಬುಗಳ ಡಬ್ಬಿ. ಅದರಲ್ಲಿದ್ದದ್ದು ತುರಿಕೆ, ಕೆಂಪನ್ನು ಥಟ್ಟನೆ ಅಡಗಿಸುವ ಸ್ಟೀರಾಯ್ಡ್ ಮುಲಾಮು. ಡಾಕ್ಟರ ಚೀಟಿ ಇಲ್ಲದೆ ಕೊಡಬಾರದು ಎಂದು ಟ್ಯೂಬಿನ ಮೈಮೇಲೇ ಅಚ್ಚಾಗಿತ್ತು. ಮುಖಕ್ಕೆ ಬಹಳ ದಿನ ಹಚ್ಚಿಸಬೇಡಿ ಎಂದು ಕಂಪನಿಯವನೊಬ್ಬ ಹಿಂದೊಮ್ಮೆ ಹೇಳಿದ್ದೂ ಅವನಿಗೆ ನೆನಪಿತ್ತು. ನೆನಪಿದ್ದೂ ಕೈ ಮೇಲಕ್ಕೇ ಹೋಯಿತು. ಮೂರು ದಿನ ಎಂದು ಮಗಳಿಗೆ ಮಾತು ಕೊಟ್ಟಾಗಿತ್ತಲ್ಲ.

ಹೇಳಿದ ಹಾಗೆಯೇ ಆಯಿತು. ಪಟ್ಟೆಗಳು ಹೋದವು, ಕೆನ್ನೆ ಮೇಣದಂತೆ ನಯವಾಯಿತು, ಬಣ್ಣ ಕೂಡ ಒಂದು ಸುತ್ತು ತಿಳಿಯಾಯಿತು. ಪರದೆ ಒಯ್ಯಲು ಬಂದವರು, "ಮಗಳಿಗೆ ಏನು ಹಚ್ತೀರಿ?" ಎಂದು ಹೆಂಡತಿಯನ್ನು ಕೇಳಿದರು. "ಅವರಪ್ಪ ತಂದ್ಕೊಡ್ತಾರೆ," ಎಂದು ಅವಳು ಹೆಮ್ಮೆಯಿಂದ ಅಂದಳು. ಹಾಗೆ ಕೇಳಿದವರು ಅಂಗಡಿಗೂ ಬಂದರು. ಬೇಕರಿಯವನ ತಂಗಿ ಬಂದಳು, ಶಾಲೆಯ ಆಯಾ ಬಂದಳು, ಹೆಸರು ಗೊತ್ತಿಲ್ಲದ ಎಷ್ಟೋ ಹೆಣ್ಣುಮಕ್ಕಳು ಬಂದರು. "ನಿಮ್ಮ ಮಗಳು ಹಚ್ತಾಳಲ್ಲ, ಅದೇ ಕೊಡಿ." ಅವನು ಕೊಟ್ಟ.

ಮಗಳು ನಿಲ್ಲಿಸಲಿಲ್ಲ. ಎರಡು ದಿನ ಹಚ್ಚದಿದ್ದರೆ ಚುರುಚುರು ಅನ್ನುತ್ತಿತ್ತು, ಹಚ್ಚಿದ ಕೂಡಲೇ ತಣ್ಣಗಾಗುತ್ತಿತ್ತು. "ಅಪ್ಪ, ಮುಗೀತು," ಅನ್ನುವಳು. ಅವನು ಸಂಜೆ ಬರುವಾಗ ಜೇಬಿನಲ್ಲಿ ಇನ್ನೊಂದನ್ನು ತರುವನು. ಇದು ಸಾಕು ಅನ್ನಬೇಕು ಎಂದು ಪ್ರತಿಸಲವೂ ಅಂದುಕೊಳ್ಳುತ್ತಿದ್ದ. ಮುಂದಿನ ಟ್ಯೂಬು ಮುಗಿಯಲಿ, ಆಗ ಹೇಳೋಣ ಎಂದು ಪ್ರತಿಸಲವೂ ಮುಂದಕ್ಕೆ ಹಾಕುತ್ತಿದ್ದ.

ಬೇಸಿಗೆಯಲ್ಲಿ ಕಂಪನಿಯಿಂದ ಮಾಲು ಬರುವುದು ನಿಂತಿತು. ಡಬ್ಬಿ ಖಾಲಿಯಾಯಿತು. ಅದೇ ವಾರ ಒಂದು ರಜೆಯ ದಿನ, ಮೊಮ್ಮಗಳ ಮುಖ ಬಿಗಿಯುತ್ತಿದೆ ಎಂದು ಕೇಳಿ ಅಜ್ಜಿ ಹಾಲಿನ ಕೆನೆ ತೆಗೆದು ತನ್ನ ಕೈಯಾರೆ ಹಚ್ಚಿದಳು. ಮುಂದಿನ ದಿನಗಳಲ್ಲಿ ಮುಖ ಉರಿಯತೊಡಗಿತು. ಕೆನ್ನೆ, ಗಲ್ಲ, ಬಾಯಿಯ ಸುತ್ತ ರಕ್ತ ಚಿಮ್ಮುವಂಥ ಕೆಂಪು. ಅದರ ಮೇಲೆ ಸಣ್ಣ ಸಣ್ಣ ಕೀವುಗುಳ್ಳೆ. ನೀರು ತಾಗಿದರೂ ಹುಡುಗಿ ಹಲ್ಲು ಕಚ್ಚುತ್ತಿದ್ದಳು.

ಊಟದ ಹೊತ್ತಿಗೆ ಜಗಳ ಶುರುವಾಯಿತು.

"ಮುಖಕ್ಕೆ ಕೆನೆ ಬಳಿದವರು ಯಾರು, ಅತ್ತೆ?" ಹೆಂಡತಿ ಅನ್ನದ ಪಾತ್ರೆಯನ್ನು ಕುಕ್ಕಿ ಇಟ್ಟಳು.

"ನಾನೇ. ಕದ್ದುಮುಚ್ಚಿ ಬಳಿದೆನಾ? ನಮ್ಮ ಕಾಲದಲ್ಲಿ ಅದನ್ನೇ ಹಚ್ತಿದ್ವಿ."

"ನಿಮ್ಮ ಕಾಲದ ಮುಖ ಬೇರೆ. ಇವಳದು ಗಾಳಿ ತಾಗಿದ್ರೂ ಏಳೋ ಮುಖ. ಯಾರನ್ನಾದ್ರೂ ಒಂದು ಮಾತು ಕೇಳಬೇಕಿತ್ತು."

"ಬದನೆಕಾಯಿ, ಒಣಮೀನು ಬಡಿಸಿದ್ದು ಯಾರಮ್ಮ? ಅದು ನಂಜಲ್ವಾ? ನಿನ್ನ ಅಡುಗೇನ ಬಿಟ್ಟು ನನ್ನ ಕೆನೆ ಕಂಡಿತಾ ನಿನಗೆ?"

"ಅಜ್ಜಿ, ಅಮ್ಮ, ಸಾಕು. ಮಾತಾಡಿದ್ರೂ ಉರಿಯುತ್ತೆ ನಂಗೆ," ಎಂದು ಮಗಳು ತಟ್ಟೆ ಸರಿಸಿದಳು.

ಹೆಂಡತಿ ಅವನ ಕಡೆ ತಿರುಗಿದಳು. "ನೀವ್ಯಾಕೆ ಸುಮ್ಮನಿದ್ದೀರಿ? ನಿಮಗೆ ಗೊತ್ತಿರುತ್ತಲ್ಲ. ನೀವೇ ಹೇಳಿ, ಯಾವುದರಿಂದ ಆಯ್ತು?"

ಮೂವರೂ ಅವನನ್ನೇ ನೋಡುತ್ತಿದ್ದರು. ಅವನ ಬಾಯಲ್ಲಿ ತುತ್ತಿತ್ತು. ಅದನ್ನು ನುಂಗುವಷ್ಟು ಹೊತ್ತು ಅವನಿಗೆ ಸಿಕ್ಕಿತು. ಆ ಹೊತ್ತಿನಲ್ಲಿ ನಿಜ ಹೇಳಬಹುದಿತ್ತು.

"ಕೆನೆ ಕೆಲವರಿಗೆ ಆಗಿಬರಲ್ಲ," ಅಂದ.

ತಾಯಿ ಏನೂ ಅನ್ನಲಿಲ್ಲ. ಎದುರಾಡದೆ ಮಾತು ಬಿಡುವ ಹೆಂಗಸಲ್ಲ ಅವಳು. ಆದರೆ ಮಗ ಅಂದಮೇಲೆ, ಅದೂ ಔಷಧಿ ಅಂಗಡಿಯ ಮಗ ಅಂದಮೇಲೆ, ಅವಳಿಗೆ ಅದೇ ಕೊನೆಯ ತೀರ್ಪು. ಕೈತೊಳೆದು ಹೋಗಿ ಮೊಮ್ಮಗಳ ಪಕ್ಕ ನಿಂತು, "ತಪ್ಪಾಯ್ತು ಕಂದ, ಮುದುಕಿಗೆ ಬುದ್ಧಿಯಿಲ್ಲ," ಅಂದಳು. ಅವನು ಆ ಮಾತು ಕೇಳಿಸದವನಂತೆ ನೀರು ಕುಡಿದ.

ಮಾರನೆಯ ಬೆಳಿಗ್ಗೆ ತಾಯಿ ಹಾಲು ಕಾಯಿಸಲು ಬರಲಿಲ್ಲ. ಹೆಂಡತಿ ಚಹಾ ಕೊಟ್ಟರೆ, "ನನಗೆ ಹಾಲು ಹಾಕಬೇಡ. ಹಾಲು ಕಂಡ್ರೆ ಹೊಟ್ಟೆ ತೊಳಸುತ್ತೆ," ಅಂದಳು. ಅಲ್ಲಿಂದಾಚೆ ಕಪ್ಪು ಚಹಾ. ಅವನು ಎದುರಿಗೇ ಕುಳಿತು ತನ್ನ ಹಾಲಿನ ಚಹಾ ಕುಡಿಯಬೇಕಿತ್ತು. ಲೋಟವನ್ನು ಎತ್ತಿಕೊಂಡು ಮನೆಯ ಹಿಂದೆ ಬಟ್ಟೆ ಒಗೆಯುವ ಕಟ್ಟೆಗೆ ಹೋಗುವುದನ್ನು ರೂಢಿ ಮಾಡಿಕೊಂಡ.

ಕೊನೆಗೂ ಅಂಗಡಿಗೆ ಮಾಲು ಬಂತು. ಮಗಳು ಕಣ್ಣಲ್ಲಿ ನೀರು ತುಂಬಿಕೊಂಡು ಕೂತಿದ್ದನ್ನು ಬೆಳಿಗ್ಗೆ ನೋಡಿ ಬಂದಿದ್ದ. ಡಬ್ಬಿ ಬಿಚ್ಚಿದ ಕೂಡಲೇ ಒಂದು ಟ್ಯೂಬು ಜೇಬಿಗಿಳಿಸಿದ. ಈ ಸಲ ಅವನಿಗೆ ಇಷ್ಟಾಗುವುದೆಂದು ತಿಳಿದಿರಲಿಲ್ಲ ಎಂಬ ನೆವವೂ ಇರಲಿಲ್ಲ. ಯಾವುದು ಸುಟ್ಟಿತೋ ಅದನ್ನೇ ಒಯ್ಯುತ್ತಿದ್ದೇನೆ ಎಂದು ಚೆನ್ನಾಗಿ ಗೊತ್ತಿತ್ತು. ಎರಡು ದಿನದಲ್ಲಿ ಮುಖ ತಣ್ಣಗಾಯಿತು. "ನೋಡಿದ್ಯಾ, ಅಪ್ಪ ತಂದ್ರೇನೇ ಸರಿ," ಎಂದು ಹೆಂಡತಿ ಅಂದಳು. ಮಗಳು ಅವನ ತಟ್ಟೆಗೆ ತಾನೇ ಮೊಟ್ಟೆ ಸುಲಿದು ಹಾಕಿದಳು.

ಆ ನೆಮ್ಮದಿ ಹೆಚ್ಚು ದಿನ ಬಾಳಲಿಲ್ಲ. ಈಗ ಮುಲಾಮು ಹಚ್ಚುತ್ತಿದ್ದಾಗಲೇ ಉರಿ ಎದ್ದಿತು. ಕೆನ್ನೆಯ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿ, ಕೆಳಗಿನ ಸಣ್ಣ ಸಣ್ಣ ರಕ್ತನಾಳಗಳು ಕೆಂಪು ದಾರದಂತೆ ಕಾಣುತ್ತಿದ್ದವು. ಕನ್ನಡಕದ ಅಂಗಡಿಯವರು ಮಗಳನ್ನು ಹಿಂದಿನ ಕೋಣೆಗೆ ಹಾಕಿದರು. ಅಲ್ಲಿ ಯಂತ್ರ ಮಸೂರ ಉಜ್ಜುವ ಸದ್ದಿನ ನಡುವೆ ಡಬ್ಬಿಗಳಿಗೆ ಚೀಟಿ ಅಂಟಿಸುವ ಕೆಲಸ. "ಮುಖ ಸರಿಹೋದ ಮೇಲೆ ಮುಂದೆ ಬಾ ಅಂದ್ರು," ಎಂದು ಬ್ಯಾಗು ಕೆಳಗಿಡುತ್ತ ಹೇಳಿದಳು. ಅಳಲಿಲ್ಲ. ಕಣ್ಣೀರು ತಾಗಿದರೆ ಉರಿಯುತ್ತದೆ ಎಂದು ಅಳುವುದನ್ನೂ ಬಿಟ್ಟಿದ್ದಳು.

ಹೆಂಡತಿ ಅಂದೇ ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿದಳು. "ಇನ್ನು ಮನೆ ವೈದ್ಯ ಸಾಕು. ನಾಳೆ ಚರ್ಮದ ಡಾಕ್ಟ್ರ ಹತ್ರ ಹೋಗೋಣ. ನೀವೂ ಬನ್ನಿ. ಅವರು ಹೇಳಿದ್ದು ನಮಗೆ ಅರ್ಥವಾಗದಿದ್ರೆ ನೀವು ಬಿಡಿಸಿ ಹೇಳಬಹುದು."

ಚರ್ಮದ ಡಾಕ್ಟರಮ್ಮನಿಗೆ ಹೆಚ್ಚು ವಯಸ್ಸಾಗಿರಲಿಲ್ಲ. ಹುಡುಗಿಯ ಮುಖವನ್ನು ದೀಪದ ಕಡೆ ತಿರುಗಿಸಿ ನೋಡಿದರು. ಆಮೇಲೆ, "ಏನೇನು ಹಚ್ಚುತ್ತೀರೋ ಎಲ್ಲಾ ತಂದಿದ್ದೀರಾ?" ಅಂದರು. ಹೆಂಡತಿ ಚೀಲದಿಂದ ಸೋಪು, ಪೌಡರು, ಟ್ಯೂಬು ತೆಗೆದು ಮೇಜಿನ ಮೇಲಿಟ್ಟಳು. ಡಾಕ್ಟರಮ್ಮ ಉಳಿದದ್ದನ್ನು ಮುಟ್ಟಲಿಲ್ಲ. ಟ್ಯೂಬನ್ನು ಎತ್ತಿಕೊಂಡರು.

"ಇದನ್ನ ಎಷ್ಟು ದಿನದಿಂದ ಹಚ್ತಿದ್ದೀಯಮ್ಮ?"

"ಚಳಿಗಾಲದಿಂದ."

"ಯಾರು ಬರ್ಕೊಟ್ಟಿದ್ದು?"

ಮಗಳು ಅಪ್ಪನ ಕಡೆ ನೋಡಿದಳು. ಆ ನೋಟದಲ್ಲಿ ದೂರಿರಲಿಲ್ಲ. ಉತ್ತರ ಅವನಿಗೆ ಗೊತ್ತಿರುವುದರಿಂದ ಅವನೇ ಹೇಳಲಿ ಎಂದಷ್ಟೇ ನೋಡಿದಳು.

"ಅಂಗಡಿಯಲ್ಲಿ ಕೊಟ್ರು," ಅಂದ ಅವನು.

"ಕೊಡ್ತಾರೆ, ಅವರಿಗೇನು. ವಾರಕ್ಕೆ ಇಂಥ ಮುಖ ಎಷ್ಟು ನೋಡ್ತೀನಿ ಗೊತ್ತಾ ನಾನು," ಎಂದು ಡಾಕ್ಟರಮ್ಮ ಟ್ಯೂಬನ್ನು ಕಸದ ಬುಟ್ಟಿಗೆ ಹಾಕಿದರು. "ಬೇರೇನೂ ಕಾರಣ ಹುಡುಕಬೇಡಿ. ಇದೇ. ಹಚ್ಚಿದಷ್ಟು ದಿನ ಅಡಗಿಸಿಡುತ್ತೆ, ಬಿಟ್ಟ ಕೂಡ್ಲೇ ದುಪ್ಪಟ್ಟಾಗಿ ಏಳುತ್ತೆ, ಕೊನೆಗೆ ಹಚ್ಚಿದ್ರೂ ಕೇಳಲ್ಲ."

ಹೆಂಡತಿ ಮೆಲ್ಲಗೆ, "ಹಾಲಿನ ಕೆನೆಯಿಂದ ಅಲ್ವಾ?" ಎಂದು ಕೇಳಿದಳು.

"ಕೆನೆ ಪಾಪ ಏನು ಮಾಡುತ್ತೆ."

ಮಗಳು ಈಗ ನೆಲ ನೋಡುತ್ತಿದ್ದಳು. ಹೆಂಡತಿ ಸೋಪನ್ನು ಚೀಲಕ್ಕೆ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಡಾಕ್ಟರಮ್ಮ ಬರೆಯುತ್ತಲೇ ಮಾತಾಡಿದರು. ಗುಳ್ಳೆಗಳಿಗೆ ಕೆಲವು ದಿನ ಮಾತ್ರೆ. ಮುಖಕ್ಕೆ ಓಟ್ಸ್ ಇರುವ ಲೋಷನ್ನು, ಬೇರೇನೂ ಇಲ್ಲ.

"ಓಟ್ಸ್ ಅಂದ್ರೆ ತಿನ್ನೋದಲ್ವಾ?" ಅಂದಳು ಹೆಂಡತಿ.

"ತಿನ್ನೋದೇ. ಅದನ್ನ ಧೂಳಿಗಿಂತ ನುಣ್ಣಗೆ ಅರೆದಿರ್ತಾರೆ. ನೆನೆಸಿದ ಓಟ್ಸ್ ಬೆರಳಿಗೆ ಲೋಳೆ ಲೋಳೆ ಅನ್ನಿಸುತ್ತಲ್ಲ, ಆ ಲೋಳೇನೇ ಇಲ್ಲಿ ಕೆಲಸ ಮಾಡೋದು. ನೋಡಿ, ಇವಳ ಮೇಲ್ಚರ್ಮ ಸವೆದಿದೆ. ಒಳಗಿನ ತೇವ ನಿಲ್ತಾ ಇಲ್ಲ, ಹೊರಗಿಂದು ಏನು ತಾಗಿದ್ರೂ ನೇರವಾಗಿ ಒಳಗೆ ಹೋಗಿ ಉರಿಸುತ್ತೆ. ಈ ಲೋಷನ್ನು ಮೇಲೆ ತೆಳ್ಳಗೆ ಒಂದು ಪದರ ಕಟ್ಟಿ ತೇವ ಹಿಡ್ಕೊಳ್ಳುತ್ತೆ. ತುರಿಕೆ, ಕೆಂಪು ಇಳಿಸೋ ಗುಣ ಓಟ್ಸಿನಲ್ಲೇ ಇದೆ. ಆ ಪದರದ ಕೆಳಗೆ ಚರ್ಮ ತನ್ನಷ್ಟಕ್ಕೆ ತಾನು ರಿಪೇರಿ ಮಾಡ್ಕೊಳ್ಳಬೇಕು. ಮುಖ ತೊಳೆದು, ಇನ್ನೂ ಒದ್ದೆ ಇರುವಾಗಲೇ ಹಚ್ಚಬೇಕು. ಒಣಗಿದ ಮೇಲೆ ಹಚ್ಚಿದ್ರೆ ಹಿಡ್ಕೊಳ್ಳೋಕೆ ತೇವವೇ ಇರಲ್ಲ."

"ಎಷ್ಟು ದಿನಕ್ಕೆ ಹೋಗುತ್ತೆ?" ಮಗಳು ಕೇಳಿದಳು.

"ದಿನದ ಲೆಕ್ಕ ಬೇಡಮ್ಮ. ತಿಂಗಳುಗಳು. ಮೊದಲು ಇನ್ನೂ ಉರಿಯುತ್ತೆ, ಆಗ ಹೆದರಿ ಮತ್ತೆ ಆ ಟ್ಯೂಬಿಗೆ ಕೈ ಹಾಕಬೇಡ. ಇದರಿಂದ ಬೆಳ್ಳಗಾಗಲ್ಲ, ಹೊಳಪು ಬರಲ್ಲ. ನಿನ್ನ ಮುಖ ನಿನಗೆ ವಾಪಸ್ ಬರುತ್ತೆ, ಅಷ್ಟೇ."

ಚೀಟಿಯಲ್ಲಿ ಬರೆದಿದ್ದ ಲೋಷನ್ನಿನ ಹೆಸರನ್ನು ಅವನು ಒಂದೇ ನೋಟಕ್ಕೆ ಓದಿದ. ತಳದ ಕಪಾಟಿನಲ್ಲಿ ಇದ್ದದ್ದೇ. ಬಗ್ಗಿ ಎತ್ತಿಕೊಂಡಿದ್ದರೆ ಸಾಕಿತ್ತು.

ಮೂವರೂ ಮನೆಗೆ ಬಂದರು. ಬಾಗಿಲು ಹಾಕಿದ ಮೇಲೆ ಹೆಂಡತಿ ಅವನನ್ನು ಅಡುಗೆಮನೆಗೆ ಕರೆದು, ಹೊರಗೆ ತಾಯಿಗೆ ಕೇಳಿಸದಷ್ಟು ತಗ್ಗಿದ ದನಿಯಲ್ಲಿ ಕೇಳಿದಳು.

"ಅಂಗಡಿಯಲ್ಲಿ ಕೊಟ್ರು ಅಂದ್ರಲ್ಲ. ಯಾವ ಅಂಗಡಿ? ಯಾರು ಕೊಟ್ರು?"

"ಆ ಹೊತ್ತಿಗೆ ಬಾಯಿಗೆ ಬಂದದ್ದು ಹೇಳಿದೆ."

"ನಿಮಗೆ ಮುಂಚೇನೇ ಗೊತ್ತಿತ್ತಾ?"

ಅವನು ನಲ್ಲಿಯ ತೊಟ್ಟಿಕ್ಕುವ ನೀರಿನ ಕೆಳಗೆ ಲೋಟ ಇಟ್ಟ. "ಇಷ್ಟಾಗುತ್ತೆ ಅಂತ ಗೊತ್ತಿರ್ಲಿಲ್ಲ."

"ಎಷ್ಟಾಗುತ್ತೆ ಅಂತ ಗೊತ್ತಿತ್ತು?"

ಅವನು ಲೋಟ ತೆಗೆದು ನಲ್ಲಿ ಬಿಗಿ ಮಾಡಿದ.

"ನಾನು ನಿಮ್ಮ ತಾಯಿಗೆ ಆಡಬಾರದ ಮಾತು ಆಡಿದ್ದೀನಿ," ಅಂದಳು ಅವಳು. "ನೀವು ಎದುರಿಗೆ ಕೂತು ಕೇಳ್ತಾ ಇದ್ರಿ. ಬರೀ ಕೇಳಲಿಲ್ಲ, ಹೌದು ಅಂದ್ರಿ. ಈಗ ಹೋಗಿ ಅವರಿಗೆ ಹೇಳಿ."

"ಹೇಳ್ತೀನಿ."

"ನಾನು ಹೇಳಲ್ಲ. ನನ್ನ ಪಾಲಿನ ತಪ್ಪು ನಾನು ಕೇಳ್ಕೋತೀನಿ. ನಿಮ್ಮದು ನೀವೇ."

ಅವನು ಆ ದಿನ ಹೇಳಲಿಲ್ಲ. ಆ ವಾರವೂ ಹೇಳಲಿಲ್ಲ. ಹೆಂಡತಿ ಮಾತ್ರ ಅತ್ತೆಯ ಹತ್ತಿರ ಕುಳಿತು, "ಡಾಕ್ಟ್ರು ಕೆನೆಯಿಂದ ಅಲ್ಲ ಅಂದ್ರು, ನನ್ನದು ತಪ್ಪಾಯ್ತು ಅತ್ತೆ," ಎಂದಳು. ತಾಯಿ ನಂಬಲಿಲ್ಲ. "ನನ್ನ ಸಮಾಧಾನಕ್ಕೆ ಹೇಳ್ತೀಯ. ಅವನೇ ಅಂದನಲ್ಲ, ಕೆನೆ ಆಗಿಬರಲ್ಲ ಅಂತ. ಅವನಿಗೆ ಗೊತ್ತಾಗಲ್ವಾ?" ಎಂದು ಕಪ್ಪು ಚಹಾದ ಲೋಟವನ್ನು ಬಾಯಿಗಿಟ್ಟಳು.

ಮುಖದ ಉರಿ ಡಾಕ್ಟರಮ್ಮ ಹೇಳಿದಂತೆ ಮೊದಲು ಹೆಚ್ಚಿತು. ಮುಖ ಊದಿ, ಕಣ್ಣು ಸಣ್ಣದಾಗಿ, ಬೆಳಗಾದರೆ ದಿಂಬಿನ ಮೇಲೆ ಹಳದಿ ಕಲೆಗಳಿರುತ್ತಿದ್ದವು. ಹೆಂಡತಿ ಹಳೆಯ ಮೆತ್ತನೆಯ ಬಟ್ಟೆಯಿಂದ ದಿಂಬಿನ ಚೀಲಗಳನ್ನು ಹೊಲಿದು ದಿನಕ್ಕೊಂದು ಬದಲಿಸಿದಳು. ಅಜ್ಜಿ ಹಿಂದಿನ ಕಟ್ಟೆಯಲ್ಲಿ ಕೂತು ಅವನ್ನು ಬರೀ ಬಿಸಿನೀರಿನಲ್ಲಿ ಒಗೆದು ಹರವುತ್ತಿದ್ದಳು. ಸೋಪಿನ ಪುಡಿಯ ಹತ್ತಿರವೂ ಹೋಗುತ್ತಿರಲಿಲ್ಲ. ಮಗಳು ಬೆಳಿಗ್ಗೆ ಸಂಜೆ ಮುಖಕ್ಕೆ ತಣ್ಣೀರು ತಟ್ಟಿಕೊಂಡು, ಹನಿ ಇಳಿಯುತ್ತಿರುವಾಗಲೇ ಲೋಷನ್ನು ಒತ್ತಿ ಒತ್ತಿ ಹಚ್ಚುವಳು. ಉಜ್ಜುವಂತಿಲ್ಲ. ಹಚ್ಚಿದ ಮೇಲೆ ಸ್ವಲ್ಪ ಹೊತ್ತು ಚರ್ಮದ ಬಿಗಿತ ಸಡಿಲಿ ಅವಳ ಭುಜ ಕೆಳಗಿಳಿಯುವುದು ಕಾಣುತ್ತಿತ್ತು. ಅವನು ಹತ್ತಿರ ಹೋದರೆ ಮುಖವನ್ನು ಟವೆಲಿನಿಂದ ಮರೆಮಾಡಿಕೊಳ್ಳುತ್ತಿದ್ದಳು.

"ಉರಿ ಕಮ್ಮಿ ಇದ್ಯೇನೇ?"

"ಅಮ್ಮನ್ನ ಕೇಳು."

ಅಷ್ಟೇ ಮಾತು. ಬಾಟಲಿ ಮುಗಿದರೆ ಅವನಿಗೆ ಹೇಳುತ್ತಿರಲಿಲ್ಲ. ಬೇರೆ ಬೀದಿಯ ಅಂಗಡಿಯಿಂದ ತಾನೇ ತಂದುಕೊಳ್ಳುತ್ತಿದ್ದಳು. ಕಪಾಟಿನ ಮೇಲಿದ್ದ ಬಾಟಲಿಯ ಮೇಲೆ ಬೇರೆ ಅಂಗಡಿಯ ಚೀಟಿ ಅಂಟಿದ್ದನ್ನು ಅವನು ಒಂದು ದಿನ ನೋಡಿದ. ಯಾರಾದರೂ ಕಪಾಳಕ್ಕೆ ಹೊಡೆದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗ ತಾಯಿ ಒಬ್ಬಳೇ ಇದ್ದಳು, ಬೀನ್ಸ್ ನಾರು ತೆಗೆಯುತ್ತ ಕೂತಿದ್ದಳು. ಅವನೇ ಬಡಿಸಿಕೊಂಡು ಎದುರಿಗೆ ಕೂತ. ತಾಯಿ ತಲೆಯೆತ್ತದೆ, "ಹುಡುಗಿ ಮದುವೆ ಗಿದುವೆ ಅಂತ ಬಂದ್ರೆ ನನ್ನಿಂದ ತಪ್ಪಿಹೋಗುತ್ತೇನೋ ಅಂತ ಭಯ ಕಣೋ ನನಗೆ. ಮುಖದ ಮೇಲೆ ಕಲೆ ನಿಂತುಬಿಟ್ರೆ?" ಅಂದಳು.

ಅವನು ತಟ್ಟೆಯಿಂದ ಕೈ ತೆಗೆದ.

"ನಿನ್ನಿಂದ ಆಗಿದ್ದಲ್ಲಮ್ಮ. ನಾನು ತಂದ್ಕೊಟ್ಟ ಮುಲಾಮಿನಿಂದ ಆಗಿದ್ದು. ಅದು ಮುಖಕ್ಕೆ ಹಚ್ಚಬಾರದ್ದು. ನನಗೆ ಗೊತ್ತಿತ್ತು."

ತಾಯಿಯ ಕೈಯಲ್ಲಿ ಬೀನ್ಸ್ ಹಾಗೇ ನಿಂತಿತು. "ಯಾವಾಗಿಂದ ಗೊತ್ತಿತ್ತು?"

"ಮೊದಲಿಂದ."

"ನಾನು ಆ ಹುಡುಗಿ ಹತ್ರ ತಪ್ಪಾಯ್ತು ಅಂದಾಗ ಗೊತ್ತಿತ್ತಾ?"

"ಗೊತ್ತಿತ್ತು."

ತಾಯಿ ಅವನ ಕಿವಿಗಳನ್ನು ನೋಡಿದಳು. "ಚಿಕ್ಕವನಿದ್ದಾಗ ಸುಳ್ಳು ಹೇಳಿದ್ರೆ ನಿನ್ನ ಕಿವಿ ಕೆಂಪಾಗ್ತಿತ್ತು. ನೋಡಿದ ಕೂಡ್ಲೇ ಹಿಡೀತಿದ್ದೆ ನಾನು. ಈಗ ಅದೂ ಆಗಲ್ಲ ನಿನಗೆ," ಅಂದಳು. ಬೈಗುಳವಿರಲಿಲ್ಲ. ಬೀನ್ಸಿನ ತಟ್ಟೆ ಎತ್ತಿಕೊಂಡು, ಮಂಡಿ ಹಿಡಿದುಕೊಂಡು ಎದ್ದು ಒಳಗೆ ಹೋದಳು. ಸಂಜೆ ಹೆಂಡತಿ ಹಾಲು ಬೆರೆಸಿದ ಚಹಾ ಮುಂದಿಟ್ಟರೆ, "ಬೇಡಮ್ಮ, ಅಭ್ಯಾಸ ತಪ್ಪಿಹೋಯ್ತು," ಎಂದು ಲೋಟವನ್ನು ಮೆಲ್ಲಗೆ ಆಚೆ ಸರಿಸಿದಳು.

ಅಂಗಡಿಯಲ್ಲಿ ಅವನು ಟ್ಯೂಬು ಕೊಡುವುದನ್ನು ನಿಲ್ಲಿಸಿದ. ಚೀಟಿ ತನ್ನಿ ಅನ್ನುತ್ತಿದ್ದ. "ನಿಮ್ಮ ಮಗಳಿಗೆ ಚೀಟಿ ಇತ್ತಾ?" ಎಂದು ಶಾಲೆಯ ಆಯಾ ನಗುತ್ತ ಕೇಳಿದಳು. ಅವಳಿಗೆ ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಆಯಾ ನಗು ನಿಲ್ಲಿಸಿ, ತನ್ನ ಕೆನ್ನೆ ಮುಟ್ಟಿಕೊಂಡು, ಏನೂ ಕೊಳ್ಳದೆ ಹೋದಳು. ಸಂಜೆ ಮಾಲೀಕರು ಗಲ್ಲಾ ಮುಂದೆ ಕೂತು ಕರೆದರು.

"ಏನಯ್ಯ, ಬಂದ ಗಿರಾಕಿಗಳನ್ನ ಹೆದರಿಸಿ ಕಳಿಸ್ತಿದ್ದೀಯಂತೆ."

"ಮುಖ ಸುಡುತ್ತೆ ಸಾರ್ ಅದು. ನನ್ನ ಮನೇಲೇ ನೋಡಿದೆ."

"ನಾವು ಕೊಡದಿದ್ರೆ ಎದುರಂಗಡಿಯವನು ಕೊಡ್ತಾನೆ."

"ಕೊಡ್ಲಿ. ನನ್ನ ಕೈಯಿಂದ ಬೇಡ."

"ಇಷ್ಟು ವರ್ಷ ನಿನ್ನ ಕೈಯಿಂದಲೇ ಹೋಯ್ತಲ್ಲ," ಎಂದರು ಮಾಲೀಕರು. ಅಷ್ಟರಲ್ಲಿ ಇಬ್ಬರು ಹುಡುಗಿಯರು ಬಂದು ಅದನ್ನೇ ಕೇಳಿದರು. ಮಾಲೀಕರೇ ಎದ್ದು, ಕೈ ಚಾಚಿ, ಕೊಟ್ಟರು. ಇವನು ಪಕ್ಕದಲ್ಲೇ ನಿಂತಿದ್ದ. ಬೇಡ ಅನ್ನಲು ಬಾಯಿ ತೆರೆದ. ಹುಡುಗಿಯರಲ್ಲೊಬ್ಬಳು ಅವನನ್ನು ಗುರುತು ಹಿಡಿದು ಮುಗುಳ್ನಕ್ಕಳು. "ಅದು ಹಚ್ಚಬೇಡಿ ಕಣಮ್ಮ," ಅಂದ. ಮಾಲೀಕರು ಕೆಮ್ಮಿದರು. ಹುಡುಗಿಯರು ಇವನನ್ನೂ ಅವರನ್ನೂ ನೋಡಿ, ಚಿಲ್ಲರೆ ತೆಗೆದುಕೊಂಡು ಹೋದರು. ಮಾರನೆಯ ದಿನದಿಂದ ಮಾಲೀಕರು ಬೆಳಿಗ್ಗೆಯೂ ಬಂದು ಕೂರತೊಡಗಿದರು.

ಕೊಟ್ಟವರ ಮನೆಗಳಿಗೆ ಹೋಗಿ ಹೇಳಬೇಕು ಎಂಬುದು ಆಮೇಲೆ ಅವನ ತಲೆಗೆ ಬಂತು. ಯಾರು ಯಾರು ಎಂದು ಯೋಚಿಸುತ್ತ ಹೋದರೆ ನೆನಪಾದವರಿಗಿಂತ ನೆನಪಾಗದವರೇ ಹೆಚ್ಚು. ನೆನಪಾದವರಲ್ಲಿ ಹತ್ತಿರದವಳು ಬೇಕರಿಯವನ ತಂಗಿ. ಹೋಗುವ ಮುನ್ನ ಮಗಳ ಹತ್ತಿರ ಬಂದು ನಿಂತ.

"ನೀನೂ ಒಂದ್ಸಲ ಜೊತೆಗೆ ಬರ್ತೀಯೇನೇ? ನಾನು ಹೇಳಿದ್ರೆ ನಂಬಲ್ಲ. ಇನ್ನೊಂದು ಮಾಲು ಮಾರೋಕೆ ಬಂದೆ ಅಂತಾರೆ. ನಿನ್ನ ನೋಡಿದ್ರೆ ಅರ್ಥವಾಗುತ್ತೆ."

ಮಗಳು ಒದ್ದೆ ಕೈಗಳನ್ನು ಲಂಗಕ್ಕೆ ಒರೆಸಿಕೊಂಡಳು. "ಆಗಲೂ ನನ್ನ ಮುಖ ತೋರಿಸೇ ಮಾರಿದೆ. ಈಗಲೂ ನನ್ನ ಮುಖಾನೇ ಬೇಕಾ ನಿನಗೆ?"

ಅವನು ನಿಂತಲ್ಲೇ ನಿಂತ.

"ಡಾಕ್ಟ್ರ ಮುಂದೆ ಅಂಗಡಿಯವರು ಕೊಟ್ರು ಅಂದ್ಯಲ್ಲ ಅಪ್ಪ. ಉರಿ ತಡೀಬಹುದು. ಅದನ್ನ ತಡ್ಕೊಳ್ಳೋಕಾಗ್ಲಿಲ್ಲ ನಂಗೆ. ನಾನು ನೀನೇ ಅಂತ ಹೇಳಿದ್ರೆ ನಿನ್ನ ಮರ್ಯಾದೆ ಹೋಗುತ್ತೆ ಅಂತ ಬಾಯಿ ಮುಚ್ಕೊಂಡೆ. ನೀನು ಯಾರೋ ಅಂತ ನುಣುಚಿಕೊಂಡೆ."

"ಹೌದು," ಅಂದ ಅವನು. "ನುಣುಚಿಕೊಂಡೆ." ಚಪ್ಪಲಿ ಮೆಟ್ಟಿಕೊಂಡು ಒಬ್ಬನೇ ಹೊರಟ.

ಬೇಕರಿಯ ಹಿಂಬದಿಯಲ್ಲೇ ಅವರ ಮನೆ. ಒಲೆಯ ಕಾವು ಬಾಗಿಲವರೆಗೂ ಬರುತ್ತಿತ್ತು. ಹಿಟ್ಟು ಮೆತ್ತಿದ ಕೈಯಲ್ಲೇ ಬೇಕರಿಯವನು ಬಂದು, "ಬನ್ನಿ ಬನ್ನಿ. ಏನು ಹೊಸದು ಬಂದಿದೆ ಅಂಗಡಿಗೆ?" ಅಂದ. ತಂಗಿ ಅವನ ಹಿಂದೆ ಬ್ರೆಡ್ಡು ಕತ್ತರಿಸುತ್ತಿದ್ದಳು. ಅವಳ ಕೆನ್ನೆ ಮೇಣದಂತೆ ನಯವಾಗಿತ್ತು.

"ಏನೂ ತಂದಿಲ್ಲ. ಹೇಳೋದಿದೆ," ಎಂದು ನಿಂತೇ ಹೇಳಿದ. ತಾನು ಕೊಟ್ಟದ್ದು ಕೊಡಬಾರದ್ದು ಎಂದ. ಗೊತ್ತಿದ್ದೂ ಕೊಟ್ಟೆ ಎಂದ. ಮಗಳಿಗೆ ಏನಾಯಿತೆಂದು ಹೇಳಿದ.

ಬೇಕರಿಯವನ ಮುಖ ಗಟ್ಟಿಯಾಯಿತು. "ಗೊತ್ತಿದ್ದೂ? ನಮ್ಮ ಮನೆ ಹೆಣ್ಣುಮಗಳು ನಿಮ್ಮನ್ನ ಅಣ್ಣ ಅಂತ ಕರೀತಿದ್ಳಲ್ರೀ." ಮುಂದೆ ಅವನು ಆಡಿದ ಮಾತುಗಳನ್ನೆಲ್ಲ ಇವನು ತಲೆ ತಗ್ಗಿಸದೆ ಕೇಳಿಸಿಕೊಂಡ. ತಂಗಿ ಚಾಕು ಕೆಳಗಿಟ್ಟು ಮುಂದೆ ಬಂದಳು.

"ನಿಲ್ಲಿಸಿದ್ರೆ ನನಗೂ ಉರಿಯುತ್ತಾ?"

"ಉರಿಯಬಹುದು. ನೀನು ಹಚ್ಚಿದ್ದು ಕಮ್ಮಿ ದಿನ. ಎಷ್ಟು ಅಂತ ನಾನು ಹೇಳಲಾರೆ. ಚರ್ಮದ ಡಾಕ್ಟ್ರಿಗೆ ತೋರಿಸು. ನಾನು ಹೇಳಿದ್ದು ಕೇಳಿ ಏನೂ ಹಚ್ಚಬೇಡ, ಇನ್ಮೇಲೆ ಯಾವತ್ತೂ."

"ಅವರ ಹತ್ರ ಏನು ಹೇಳ್ಲಿ? ಯಾರು ಕೊಟ್ರು ಅಂತ ಕೇಳಿದ್ರೆ?"

"ನನ್ನ ಹೆಸರು ಹೇಳು," ಅಂದ.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಹೆಂಡತಿಯ ಹೊಲಿಗೆ ಯಂತ್ರ ಓಡುತ್ತಿತ್ತು, ತಾಯಿ ಒಗೆದ ಬಟ್ಟೆ ಮಡಚುತ್ತ ಕೂತಿದ್ದಳು. ಮಗಳು ಕಿಟಕಿಯ ಹತ್ತಿರ ನಿಂತು ಮುಖಕ್ಕೆ ಲೋಷನ್ನು ಒತ್ತಿಕೊಳ್ಳುತ್ತಿದ್ದಳು. ಅವನನ್ನು ಕಂಡು ಟವೆಲಿಗೆ ಕೈಹಾಕಿದವಳು, ಮುಖ ಮರೆಮಾಡದೆ ಕೈ ಹಿಂದಕ್ಕೆ ತೆಗೆದಳು.

"ಏನಂದ್ರು?"

"ಬೈದ್ರು."

"ಬೈಲಿ." ಇನ್ನಷ್ಟು ಲೋಷನ್ನು ಬೆರಳಿಗೆ ತೆಗೆದುಕೊಂಡು, "ನಾಳೆ ಎಲ್ಲಿಗೆ?" ಎಂದಳು.

"ಅಂಚೆ ಕಚೇರಿ ಹಿಂದಿನ ಮನೆ. ಅದಾದ ಮೇಲೆ ಇನ್ನೆರಡು. ಆಮೇಲೆ ಯಾರಿಗೆ ಕೊಟ್ಟೆ ಅಂತ ನಂಗೇ ನೆನಪಿಲ್ಲ ಕಣೇ."

ಹೆಂಡತಿಯ ಯಂತ್ರ ನಿಂತಿತು, ಮತ್ತೆ ಓಡಿತು. ಮಗಳು ಎಡಗೆನ್ನೆಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಮೂಗಿನ ಪಕ್ಕದ ಜಾಗಕ್ಕೆ ಬೆರಳು ತೋರಿಸಿದಳು.

"ಇಲ್ಲಿ ನೋಡು. ಇಲ್ಲಿ ಕೆಂಪು ಇಳಿದಿದೆ ಅಂತಾಳೆ ಅಮ್ಮ. ಹೌದಾ?"

ಅವನು ಹತ್ತಿರ ಹೋದ. ಕೆಂಪು ಇಳಿದಂತೆಯೂ ಕಂಡಿತು, ಬೆಳಕಿನ ಆಟವಿರಬಹುದು ಎಂದೂ ಅನ್ನಿಸಿತು. ಒಂದು ಕ್ಷಣ ಅವಳ ಕಣ್ಣುಗಳು ಅವನ ಬಾಯಿಂದ ಯಾವ ಮಾತಿಗೆ ಕಾಯುತ್ತಿವೆ ಎಂದು ಅವನಿಗೆ ಗೊತ್ತಾಯಿತು. ಆ ಮಾತು ನಾಲಿಗೆಯ ತುದಿಗೂ ಬಂತು.

"ನಂಗೆ ಗೊತ್ತಾಗ್ತಿಲ್ಲಮ್ಮ," ಅಂದ. "ಡಾಕ್ಟರಮ್ಮನ್ನ ಕೇಳೋಣ."

ಮಗಳು ಅವನನ್ನು ನೋಡಿದಳು. ಆಮೇಲೆ ಬಾಟಲಿಯ ಮುಚ್ಚಳ ತಿರುಗಿಸುತ್ತ, "ಸರಿ, ನೀನೂ ಬಾ," ಅಂದಳು.